ಪಹಣಿ ಪುಟ ನಿಮ್ಮ ಮೊಬೈಲಿಗೆ ಬರುವ ದಾರಿ: ಇಂಟರ್ನೆಟ್, ಬ್ರೌಸರ್ ಹೊಸಬರಿಗೆ

ವಾಟ್ಸಾಪ್, ಯೂಟ್ಯೂಬ್ ಸಲೀಸಾಗಿ ಬಳಸುವ ಎಷ್ಟೋ ಜನರಿಗೆ ಬ್ರೌಸರ್ ಅಂದರೆ ಏನು ಅಂತ ಯಾರೂ ಕೂತು ಹೇಳಿಕೊಟ್ಟಿರುವುದಿಲ್ಲ. ‘ಗೂಗಲ್‌ಗೆ ಹೋಗಿ ಹೊಡೀರಿ, ಬರುತ್ತೆ’ ಅಂದುಬಿಡುತ್ತಾರೆ. ಹೊಡೆದರೆ ಏನೋ ಬರುತ್ತದೆ, ನಿಜ. ಆದರೆ ಬಂದದ್ದು ಸರ್ಕಾರದ ಪುಟವೋ, ದುಡ್ಡು ಕೀಳೋಕೆ ಯಾರೋ ಮಾಡಿಟ್ಟ ಪುಟವೋ ಹೇಗೆ ಗೊತ್ತಾಗಬೇಕು? ಪುಟ ಬರಲೇ ಇಲ್ಲ ಅಂದರೆ ತೊಂದರೆ ಇರುವುದು ನಿಮ್ಮ ಫೋನಿನಲ್ಲೋ, ಸಿಮ್‌ನಲ್ಲೋ, ಆ ಕಡೆಯ ಕಂಪ್ಯೂಟರಿನಲ್ಲೋ? ಪುಟ ಯಾವ ದಾರಿಯಲ್ಲಿ ಬರುತ್ತದೆ ಅಂತ ಒಂದು ಸಲ ಗೊತ್ತಾದರೆ ಇವೆಲ್ಲವನ್ನೂ ನೀವೇ ಹೇಳಬಹುದು. ಅದಕ್ಕೆ ಕಂಪ್ಯೂಟರ್ ಓದಿರಬೇಕಿಲ್ಲ.

ಉದಾಹರಣೆಗೆ ಪಹಣಿಯನ್ನೇ ತಗೊಳ್ಳೋಣ. ಜಮೀನು ಇರುವವರೆಲ್ಲ ಒಂದಲ್ಲ ಒಂದು ದಿನ ಅದನ್ನು ನೋಡಲೇಬೇಕು, ಮತ್ತು ರಾಜ್ಯದ ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆಯ ದಾಖಲೆಗಳು ಈಗ ವೆಬ್‌ನಲ್ಲಿ ಸಿಗುತ್ತವೆ.

ಮೊದಲು ನಾಲ್ಕು ಹೆಸರುಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ಇಂಟರ್ನೆಟ್ ಅಂದರೆ ಪ್ರಪಂಚದ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡೋಕೆ ಇರುವ ಜಾಲ: ಕೇಬಲ್ಲು, ಟವರ್ರು, ವೈಫೈ ಎಲ್ಲ ಸೇರಿ. ವೆಬ್ ಅಂದರೆ ಆ ಜಾಲದ ಮೇಲೆ ಸಿಗುವ, ಲಿಂಕುಗಳಿಂದ ಒಂದಕ್ಕೊಂದು ಜೋಡಿಸಿದ ಪುಟಗಳು. ಬ್ರೌಸರ್ ಅಂದರೆ ಆ ಪುಟಗಳನ್ನು ತರಿಸಿ ನಿಮ್ಮ ಮುಂದೆ ತೋರಿಸುವ ಆ್ಯಪ್. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಲ್ಲವೂ ಬ್ರೌಸರುಗಳೇ. ಇನ್ನು ಗೂಗಲ್ ಸರ್ಚ್ ಅನ್ನುವುದು ಒಂದು ವೆಬ್‌ಸೈಟ್ ಅಷ್ಟೆ, ಬೇರೆ ಪುಟಗಳು ಎಲ್ಲಿವೆ ಅಂತ ಹುಡುಕಿಕೊಡುತ್ತದೆ. ಕ್ರೋಮ್ ಮಾಡಿದ್ದು ಗೂಗಲ್ ಕಂಪನಿಯೇ ಆದ್ದರಿಂದ, ಅದನ್ನು ತೆರೆದ ಕೂಡಲೇ ಗೂಗಲ್ ಅಂತಲೇ ಕಾಣುವುದರಿಂದ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ನೆಟ್ ಇದ್ದರೆ ಬ್ರೌಸರ್ ಇಲ್ಲದೆಯೂ ವಾಟ್ಸಾಪ್ ನಡೆಯುತ್ತದಲ್ವಾ? ಜಾಲ ಬೇರೆ, ವೆಬ್ ಬೇರೆ ಅನ್ನುವುದಕ್ಕೆ ಅದೇ ಸಾಕ್ಷಿ.

ವಯಸ್ಸಿನಲ್ಲೂ ಜಾಲವೇ ದೊಡ್ಡದು. ಅಮೆರಿಕದಲ್ಲಿ ಇಂಟರ್ನೆಟ್ಟಿನ ಮೊದಲ ರೂಪವಾದ ಅರ್ಪಾನೆಟ್ ಶುರುವಾದದ್ದು 1969ರಲ್ಲಿ. ಇವತ್ತಿಗೂ ಬಳಕೆಯಲ್ಲಿರುವ ಟಿಸಿಪಿ, ಐಪಿ ಅನ್ನುವ ನಿಯಮಗಳಿಗೆ ಅದು ಬದಲಾದದ್ದು 1983ರ ಜನವರಿ 1ರಂದು. ವೆಬ್‌ನ ಯೋಚನೆ ಬಂದದ್ದು 1989ರಲ್ಲಿ. ಜಿನೀವಾ ಹತ್ತಿರದ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅದನ್ನು ಮುಂದಿಟ್ಟರು, ಮುಂದೆ ಮೊದಲ ಬ್ರೌಸರನ್ನೂ ಅವರೇ ಬರೆದರು. 1993ರ ಏಪ್ರಿಲ್ 30ರಂದು ಸರ್ನ್ ವೆಬ್ಬನ್ನು ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ಈ ಒಂದು ನಿರ್ಧಾರದ ಬಗ್ಗೆ ನನಗೆ ತುಂಬಾ ಗೌರವ. ಅವತ್ತು ಅದಕ್ಕೆ ಬಾಡಿಗೆ ಇಟ್ಟಿದ್ದರೆ ನೀವು ಇವತ್ತು ಇದನ್ನು ಓದುತ್ತಿರುವುದು ಕಷ್ಟವಿತ್ತು. ನಮ್ಮ ದೇಶದ ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ.

ವಿಳಾಸ ಓದುವುದನ್ನು ಕಲಿಯಿರಿ

ಬ್ರೌಸರ್ ತೆರೆಯಿರಿ. ಮೇಲೆ, ಕೆಲವು ಫೋನುಗಳಲ್ಲಿ ಕೆಳಗೆ, ಒಂದು ಉದ್ದನೆಯ ಪಟ್ಟಿ ಇರುತ್ತದೆ. ಅದೇ ವಿಳಾಸಪಟ್ಟಿ, ಅಡ್ರೆಸ್ ಬಾರ್. ಅಲ್ಲಿ ಎರಡು ಕೆಲಸ ಆಗುತ್ತದೆ. ಸುಮ್ನೆ ‘ಪಹಣಿ’ ಅಂತ ಬರೆದರೆ ಬ್ರೌಸರ್ ಅದನ್ನು ಸರ್ಚ್‌ಗೆ ಕಳಿಸುತ್ತದೆ. ಚುಕ್ಕಿಗಳಿರುವ ಪೂರ್ತಿ ವಿಳಾಸ ಬರೆದರೆ ನೇರವಾಗಿ ಆ ಸೈಟಿಗೇ ಹೋಗುತ್ತದೆ. ವಿಳಾಸ ಗೊತ್ತಿದ್ದಾಗ ನೇರವಾಗಿ ಹೋಗುವುದೇ ಒಳ್ಳೆಯದು. ಯಾಕೆಂದರೆ ಸರ್ಚ್‌ನಲ್ಲಿ ಮೇಲೆ ಕಾಣುವ ಒಂದೆರಡು ಉತ್ತರಗಳು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಆಗಿರಬಹುದು. ಅವುಗಳ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’ ಅಥವಾ ‘ಸ್ಪಾನ್ಸರ್ಡ್’ ಅಂತ ಇರುತ್ತದೆ. ನೋಡಿಕೊಳ್ಳಿ.

ಪಹಣಿಯ ಸೈಟಿನ ವಿಳಾಸ ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಬರೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ಮಧ್ಯೆ ಜಾಗ ಬಿಡದೆ, ‘ಡಾಟ್’ ಇರುವ ಕಡೆ ಚುಕ್ಕಿ ಇಟ್ಟು ಬರೆಯಬೇಕು. ಇದನ್ನು ನಮ್ಮ ಊರಿನ ವಿಳಾಸ ಓದುವ ಹಾಗೇ ಓದಿ. ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಬರೆಯುತ್ತೇವೆ, ಸಣ್ಣದು ಮೊದಲು, ದೊಡ್ಡದು ಕೊನೆಗೆ. ಇಲ್ಲೂ ಅಷ್ಟೇ. ಕೊನೆಯಲ್ಲಿರುವ ‘ಇನ್’ ಭಾರತದ್ದು. ಅದರ ಹಿಂದಿನ ‘ಜಿಒವಿ’ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡುವ ಹೆಸರು. ಅದರ ಹಿಂದೆ ಕರ್ನಾಟಕ, ಅದರೊಳಗೆ ಭೂದಾಖಲೆಗಳ ಸೈಟು. ಬಲಗಡೆಯ ಹೆಸರು ಯಾರ ಕೈಯಲ್ಲಿದೆಯೋ ಅವರು ಒಪ್ಪಿದರೆ ಮಾತ್ರ ಅದರ ಎಡಕ್ಕೆ ಇನ್ನೊಂದು ಹೆಸರು ಸೇರಿಸೋಕೆ ಆಗುತ್ತದೆ. ಆದ್ದರಿಂದ ಸೈಟು ಯಾರದು ಅಂತ ತಿಳಿಯೋಕೆ ಬಲಗಡೆಯಿಂದ ಓದಬೇಕು.

ಮೋಸಗಾರರು ನಂಬಿಕೊಂಡಿರುವುದು ನಾವು ಎಡಗಡೆಯಿಂದ ಓದುತ್ತೇವೆ ಅನ್ನುವುದನ್ನೇ. ಒಂದು ವಿಳಾಸ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಅಂತಲೇ ಶುರುವಾಗಿ, ಅಲ್ಲಿಗೆ ನಿಲ್ಲದೆ ಇನ್ನೊಂದು ಚುಕ್ಕಿ ಬಂದು, ಏನೋ ಒಂದು ಹೆಸರು, ಕೊನೆಗೆ ಡಾಟ್ ಕಾಮ್ ಅಂತ ಮುಗಿದರೆ ಅದು ಸರ್ಕಾರದ್ದಲ್ಲವೇ ಅಲ್ಲ. ಆ ಕೊನೆಯ ಹೆಸರಿನವನು ಎಡಗಡೆ ಏನು ಬೇಕಾದರೂ ಬರೆದುಕೊಳ್ಳಬಹುದು, ತಡೆಯುವವರಿಲ್ಲ. ಹಾಗೇ ಚುಕ್ಕಿ ಇರಬೇಕಾದ ಕಡೆ ಅಡ್ಡಗೆರೆ ಹಾಕಿ ‘ಕರ್ನಾಟಕ-ಜಿಒವಿ’ ಅಂತ ಬರೆದರೆ ಅದು ಬೇರೆಯೇ ಹೆಸರು. ಇನ್ನೊಂದು ವಿಷಯ: ಓದುವುದು ಮೊದಲ ಓರೆಗೆರೆಯ ತನಕ ಮಾತ್ರ. ವಿಳಾಸದ ಶುರುವಲ್ಲಿ ‘ಎಚ್‌ಟಿಟಿಪಿಎಸ್’ ಆದ ಮೇಲೆ ಬರುವ ಜೋಡಿ ಓರೆಗೆರೆ ಬಿಟ್ಟು, ಅದರ ನಂತರ ಸಿಗುವ ಮೊದಲ ಒಂಟಿ ಓರೆಗೆರೆಗೆ ನಿಲ್ಲಿ. ಅದರ ಆಚೆ ಇರುವುದು ಸೈಟಿನ ಒಳಗಿನ ಪುಟದ ದಾರಿ. ಅಲ್ಲಿ ಸರ್ಕಾರ, ಬ್ಯಾಂಕು ಅಂತ ಏನೇ ಬರೆದಿದ್ದರೂ ಲೆಕ್ಕಕ್ಕಿಲ್ಲ.

ಮೊಬೈಲಲ್ಲಿ ವಿಳಾಸ ಪೂರ್ತಿ ಕಾಣುವುದಿಲ್ಲ, ಅದಕ್ಕೇ ಇಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ವಿಳಾಸಪಟ್ಟಿಯ ಮೇಲೆ ಒಂದು ಸಲ ಒತ್ತಿ, ಬೆರಳಿನಿಂದ ಆಚೆ ಈಚೆ ಎಳೆದು ನೋಡಿ. ಪುಟದಲ್ಲಿರುವ ಲಿಂಕ್ ಎಲ್ಲಿಗೆ ಹೋಗುತ್ತದೆ ಅಂತ ತೆರೆಯುವ ಮೊದಲೇ ತಿಳಿಯಬೇಕಾದರೆ ಅದರ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ವಿಳಾಸ ಮೇಲೆ ಬರುತ್ತದೆ. ಲ್ಯಾಪ್‌ಟಾಪಿನಲ್ಲಾದರೆ ಮೌಸನ್ನು ಲಿಂಕಿನ ಮೇಲೆ ಇಟ್ಟರೆ ಸಾಕು, ಕೆಳಗೆ ಮೂಲೆಯಲ್ಲಿ ತೋರಿಸುತ್ತದೆ.

ಬ್ಯಾಂಕುಗಳ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. ನಮ್ಮ ದೇಶದ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಅಂತ ಮುಗಿಯುವ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿ, ಅದಕ್ಕೆ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಆ ಹೆಸರನ್ನು ಬೇರೆಯವರಿಗೆ ಕೊಡುವುದಿಲ್ಲ. ಹಾಗಾಗಿ ಬ್ಯಾಂಕಿನ ಪುಟ ತೆರೆದಾಗ ಕೊನೆಯ ಎರಡು ಪದ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕೆಲವು ಬ್ರೌಸರುಗಳಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಗುರುತಿನ ಬಗ್ಗೆ ತಪ್ಪು ತಿಳುವಳಿಕೆ ತುಂಬಾ ಇದೆ. ‘ಬೀಗ ಇದ್ದರೆ ಸೈಟು ಸರಿ ಇದೆ’ ಅಂತ ಹೇಳಿಕೊಟ್ಟವರೇ ಜಾಸ್ತಿ. ಬೀಗಕ್ಕೆ ಇರುವ ಅರ್ಥ ಇಷ್ಟೇ: ನಿಮ್ಮ ಫೋನಿಗೂ ಆ ಕಂಪ್ಯೂಟರಿಗೂ ಮಧ್ಯೆ ಹೋಗಿಬರುವ ಮಾತನ್ನು ದಾರಿಯಲ್ಲಿ ಯಾರೂ ಓದೋಕಾಗುವುದಿಲ್ಲ. ಆ ತುದಿಯಲ್ಲಿ ಕೂತವನು ಒಳ್ಳೆಯವನೋ ಕಳ್ಳನೋ ಅಂತ ಬೀಗ ಹೇಳುವುದಿಲ್ಲ. ಕಳ್ಳನೂ ಪುಕ್ಕಟೆಯಾಗಿ ಬೀಗ ಹಾಕಿಸಿಕೊಳ್ಳಬಹುದು. ಜನ ಹೀಗೆ ತಪ್ಪಾಗಿ ನಂಬುತ್ತಿದ್ದಾರೆ ಅಂತಲೇ ಕ್ರೋಮ್ 2023ರಲ್ಲಿ ಬೀಗದ ಚಿತ್ರ ತೆಗೆದು ಬೇರೆ ಗುರುತು ಹಾಕಿತು. ಇಷ್ಟೆಲ್ಲ ನೋಡಿಕೊಂಡರೂ ಯಾವುದೋ ಸೈಟಿನಲ್ಲಿ ದುಡ್ಡು ಹೋಯಿತು ಅಂತಿಟ್ಟುಕೊಳ್ಳಿ, ನಾಚಿಕೆಪಟ್ಟು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಜಾಸ್ತಿ.

ಗೋ ಒತ್ತಿದ ಮೇಲೆ

ವಿಳಾಸ ಬರೆದು ಗೋ ಒತ್ತಿದಿರಿ. ಕಂಪ್ಯೂಟರುಗಳಿಗೆ ಹೆಸರು ಬೇಕಿಲ್ಲ, ಅವು ಒಂದನ್ನೊಂದು ಗುರುತಿಸುವುದು ಐಪಿ ನಂಬರಿನಿಂದ. ಹಾಗಾಗಿ ಬ್ರೌಸರ್ ಮೊದಲು ‘ಈ ಹೆಸರಿನ ನಂಬರ್ ಏನು’ ಅಂತ ಡಿಎನ್‌ಎಸ್ ಅನ್ನುವ ವ್ಯವಸ್ಥೆಯನ್ನು ಕೇಳುತ್ತದೆ. ಸಾಮಾನ್ಯವಾಗಿ ಇದಕ್ಕೆ ಉತ್ತರ ಕೊಡುವುದು ನಿಮ್ಮ ಸಿಮ್ ಅಥವಾ ಬ್ರಾಡ್‌ಬ್ಯಾಂಡ್ ಕಂಪನಿಯ ಕಂಪ್ಯೂಟರು. ಅದಕ್ಕೂ ಗೊತ್ತಿಲ್ಲದಿದ್ದರೆ ಅದು ಬಲಗಡೆಯಿಂದಲೇ ವಿಚಾರಿಸುತ್ತಾ ಹೋಗುತ್ತದೆ: ‘ಇನ್’ ನೋಡಿಕೊಳ್ಳುವವರು ಯಾರು, ಅದರೊಳಗೆ ‘ಜಿಒವಿ’ ಯಾರು, ಅದರೊಳಗೆ ಕರ್ನಾಟಕ ಯಾರು. ಹಳೆಯ ಬಗೆಯ ಐಪಿ ನಂಬರುಗಳು ಒಟ್ಟು ಸುಮಾರು 430 ಕೋಟಿ ಮಾತ್ರ, ಪ್ರಪಂಚದ ಜನಸಂಖ್ಯೆಗಿಂತ ಕಡಿಮೆ. ಅದಕ್ಕೇ ಐಪಿವಿ6 ಅನ್ನುವ ಉದ್ದನೆಯ ನಂಬರುಗಳು ಬಂದವು. ನಿಮ್ಮ ಫೋನು ಅದನ್ನು ಬಳಸುತ್ತಿದ್ದರೂ ನಿಮಗೆ ವ್ಯತ್ಯಾಸವೇನೂ ಕಾಣುವುದಿಲ್ಲ.

ನಂಬರ್ ಸಿಕ್ಕ ಮೇಲೆ ಬ್ರೌಸರ್ ಆ ಕಂಪ್ಯೂಟರಿಗೆ ‘ಈ ಪುಟ ಕೊಡು’ ಅಂತ ಕೇಳುತ್ತದೆ. ಹೀಗೆ ಕೇಳಿದವರಿಗೆ ಕೊಡುವ ಕಂಪ್ಯೂಟರೇ ಸರ್ವರ್. ಉತ್ತರ ಒಂದೇ ಗಂಟಾಗಿ ಬರುವುದಿಲ್ಲ, ಸಾಮಾನ್ಯವಾಗಿ 1,500 ಬೈಟ್‌ಗಳೊಳಗಿನ ಸಣ್ಣ ಸಣ್ಣ ತುಂಡುಗಳಾಗಿ ಬರುತ್ತದೆ. ಬೈಟ್ ಅಂದರೆ ಮಾಹಿತಿಯ ಒಂದು ಸಣ್ಣ ಅಳತೆ, ಆ ತುಂಡಿಗೆ ಪ್ಯಾಕೆಟ್ ಅಂತ ಹೆಸರು. ಒಂದೊಂದು ಪ್ಯಾಕೆಟ್ಟೂ ಬೇರೆ ದಾರಿ ಹಿಡಿಯಬಹುದು, ಹಿಂದೆ ಮುಂದೆ ಆಗಬಹುದು, ಕಳೆದೂ ಹೋಗಬಹುದು. ಕಳೆದದ್ದನ್ನು ಮತ್ತೆ ಕೇಳಿ ತರಿಸಿ, ಎಲ್ಲವನ್ನೂ ಸಾಲಾಗಿ ಜೋಡಿಸುವುದು ನಿಮ್ಮ ಫೋನಿನ ಕೆಲಸ. ಬಸ್ಸಿನಲ್ಲಿ ಹೋಗುವಾಗ ಘಾಟಿಯಲ್ಲಿ ಸಿಗ್ನಲ್ ಹೋಗಿ ಬಂದರೂ ಪುಟ ಅರ್ಧಕ್ಕೆ ಹರಿಯದೆ ಮುಂದುವರಿಯುವುದಕ್ಕೆ ಕಾರಣ ಇದೇ.

ದೂರ ಒಂದು ಸಮಸ್ಯೆಯೇ ಅಲ್ಲ ಅನ್ನುವಷ್ಟು ಬೇಗ ಇದು ನಡೆಯುತ್ತದೆ. ನಂಬಿಕೆ ಬರಬೇಕಾದರೆ ಪ್ರಪಂಚದ ಮೊದಲ ವೆಬ್‌ಸೈಟನ್ನೇ ತೆರೆದು ನೋಡಿ: ಐಎನ್‌ಎಫ್‌ಒ ಡಾಟ್ ಸಿಇಆರ್‌ಎನ್ ಡಾಟ್ ಸಿಎಚ್. ಆ ಕೊನೆಯ ‘ಸಿಎಚ್’ ಸ್ವಿಟ್ಜರ್ಲೆಂಡಿನದು. ಬಣ್ಣ ಇಲ್ಲ, ಚಿತ್ರ ಇಲ್ಲ, ಬರೀ ಅಕ್ಷರ ಮತ್ತು ಲಿಂಕುಗಳು. ಟವರ್ ತನಕ ಮಾತ್ರ ನಿಮ್ಮ ಫೋನಿನ ಮಾತು ಗಾಳಿಯಲ್ಲಿ ಹೋಗುತ್ತದೆ. ಆಮೇಲಿನದು ಹೆಚ್ಚುಕಡಿಮೆ ಪೂರ್ತಿ ಕೇಬಲ್ಲಿನಲ್ಲಿ: ನೆಲದಡಿ ಮುಂಬೈ ಅಥವಾ ಚೆನ್ನೈಯಂಥ ಕಡಲತೀರದ ಊರಿಗೆ, ಅಲ್ಲಿಂದ ಸಮುದ್ರದ ತಳದಲ್ಲಿ ಹಾಸಿದ ಕೇಬಲ್ ಹಿಡಿದು ಆಚೆ ದಡಕ್ಕೆ. ಆ ಕೇಬಲ್ಲಿನಲ್ಲಿ ಮಾತು ಬೆಳಕಾಗಿ ಹೋಗುತ್ತದೆ, ಅದರ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ 8,000 ಕಿಲೋಮೀಟರಿಗೆ 0.04 ಸೆಕೆಂಡು. ಇಂಟರ್ನೆಟ್ ಸ್ಯಾಟಲೈಟಿನಿಂದ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೇರೆ ದೇಶದಿಂದ ಬರುವುದರಲ್ಲಿ ಬಹುಪಾಲು ಬರುವುದು ಸಮುದ್ರದ ಕೇಬಲ್ಲಿನಲ್ಲೇ.

ಸರ್ವರ್ ಕಳಿಸುವುದು ಸಿದ್ಧ ಚಿತ್ರವನ್ನಲ್ಲ. ಪುಟದಲ್ಲಿ ಏನಿದೆ ಅಂತ ಹೇಳುವ ಎಚ್‌ಟಿಎಂಎಲ್, ಅದು ಹೇಗೆ ಕಾಣಬೇಕು ಅಂತ ಹೇಳುವ ಸಿಎಸ್‌ಎಸ್, ಒತ್ತಿದರೆ ಏನಾಗಬೇಕು ಅಂತ ಹೇಳುವ ಜಾವಾಸ್ಕ್ರಿಪ್ಟ್, ಇವು ಮೂರೂ ಬರವಣಿಗೆಯ ರೂಪದಲ್ಲಿ ಬರುತ್ತವೆ. ಅದನ್ನು ಓದಿ ಪುಟ ಕಟ್ಟುವುದು ಬ್ರೌಸರ್. ಲ್ಯಾಪ್‌ಟಾಪ್ ಇದ್ದರೆ ಯಾವುದಾದರೂ ಪುಟದಲ್ಲಿ ಕಂಟ್ರೋಲ್ ಒತ್ತಿ ಹಿಡಿದು ‘ಯು’ ಒತ್ತಿ, ಆ ಬರವಣಿಗೆ ಹಾಗೇ ಕಾಣುತ್ತದೆ. ಅರ್ಥ ಆಗದಿದ್ದರೂ ಒಮ್ಮೆ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಬ್ರೌಸರಿನ ಬಗ್ಗೆ ಇರುವ ಅರ್ಧ ಭಯ ಅಲ್ಲೇ ಹೋಗುತ್ತದೆ.

ಪಹಣಿಯ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ನೀವು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕುತ್ತೀರಲ್ಲ, ಅಷ್ಟು ಹೊತ್ತಿಗೆ ನಿಮ್ಮ ಪಹಣಿಯ ಪುಟ ಅಂತ ಎಲ್ಲೂ ಸಿದ್ಧವಾಗಿ ಕೂತಿರುವುದಿಲ್ಲ. ನೀವು ಆರಿಸಿದ್ದು ಸರ್ವರಿಗೆ ಹೋಗಿ, ಅದು ದಾಖಲೆಗಳ ಕಣಜದಿಂದ ನಿಮ್ಮ ಜಮೀನಿನ ವಿವರ ಹುಡುಕಿ ತೆಗೆದು, ಆಗಷ್ಟೇ ಪುಟ ಕಟ್ಟಿ ಕಳಿಸುತ್ತದೆ. ಇಂಥ ಸೈಟು ಸುದ್ದಿ ಓದುವ ಸೈಟಿಗಿಂತ ನಿಧಾನ ಆಗುವುದು ಇದಕ್ಕೇ. ಅರ್ಜಿಯ ಕೊನೇ ದಿನ ಎಲ್ಲರೂ ಒಟ್ಟಿಗೆ ನುಗ್ಗಿದರೆ ‘ಸರ್ವರ್ ಡೌನ್’ ಆಗುವುದೂ ಇದಕ್ಕೇ. ಕೊನೇ ದಿನದ ತನಕ ಕಾಯಬೇಡಿ, ಬೆಳಗ್ಗೆ ಬೇಗ ಅಥವಾ ರಾತ್ರಿ ಊಟ ಆದ ಮೇಲೆ ಪ್ರಯತ್ನಿಸಿ.

ಕನ್ನಡ ಅಕ್ಷರ ಚೆಲ್ಲಾಪಿಲ್ಲಿ ಆಗುವುದು ಯಾಕೆ

ಹಳೆಯ ಕನ್ನಡ ಪುಟ ತೆರೆದಾಗ ಅಥವಾ ಆಫೀಸಿನ ಹಳೆಯ ಫೈಲಿನಿಂದ ನಕಲು ಮಾಡಿ ವೆಬ್‌ನ ಅರ್ಜಿಯಲ್ಲಿ ಅಂಟಿಸಿದಾಗ, ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಅದರ ಮೇಲೆ ಕೊಂಬು ಚುಕ್ಕಿ ಎಲ್ಲ ಸೇರಿದ ಏನೋ ಬರುತ್ತದೆ. ಫೋನ್ ಕೆಟ್ಟಿಲ್ಲ, ವೈರಸ್ಸೂ ಅಲ್ಲ. ಆ ಕಾಲದ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಫಾಂಟುಗಳು, ಅಂದರೆ ಅಕ್ಷರದ ಆಕಾರಗಳ ಸೆಟ್ಟುಗಳು, ಇಂಗ್ಲಿಷ್ ಮತ್ತಿತರ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಅಡಿಯಲ್ಲಿರುವ ಅಸಲಿ ಅಕ್ಷರ ಕಾಣುತ್ತದೆ. ಎಲ್ಲ ಭಾಷೆಗಳ ಅಕ್ಷರಕ್ಕೂ ಬೇರೆ ಬೇರೆ ನಂಬರು ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಹಾಗಲ್ಲ. ಕನ್ನಡಕ್ಕೆ ಅಂತಲೇ 128 ಜಾಗ ಮೀಸಲಿದೆ, ಯಾವ ಫೋನಿನಲ್ಲಿ ತೆರೆದರೂ ‘ಕ’ ಕನ್ನಡದ ‘ಕ’ ಆಗಿಯೇ ಇರುತ್ತದೆ.

‘ಶ್ರೀ’ ಅಂತ ಬರೆದದ್ದನ್ನೇ ನೋಡಿ. ನಮಗೆ ಒಂದಕ್ಷರ. ಬ್ರೌಸರಿಗೆ ಬರುವುದು ನಾಲ್ಕು: ಶ, ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ (ಹಲಂತ), ರ, ದೀರ್ಘ ಈಕಾರ. ವೆಬ್‌ನಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 12. ಈ ನಾಲ್ಕನ್ನು ಸೇರಿಸಿ ಒತ್ತಕ್ಷರ ಬರೆದು ತೋರಿಸುವುದು ಬ್ರೌಸರ್ ಮತ್ತು ಫಾಂಟು ಇಬ್ಬರೂ ಕೂಡಿ ಮಾಡುವ ಕೆಲಸ. ಹಳೆಯ ಫೈಲು ನಿಮ್ಮ ಹತ್ತಿರ ಇದ್ದರೆ ‘ನುಡಿಯಿಂದ ಯೂನಿಕೋಡ್ ಪರಿವರ್ತಕ’ ಅಂತ ಹುಡುಕಿ, ಪಠ್ಯ ಬದಲಾಯಿಸಿಕೊಂಡು ಆಮೇಲೆ ಅರ್ಜಿಯಲ್ಲಿ ಅಂಟಿಸಿ. ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ಅರ್ಕಾವತ್ತು ಇರುವ ಕಡೆ ಕೆಲವು ಸಲ ತಪ್ಪುತ್ತದೆ.

ಪುಟ ತೆರೆಯದಿದ್ದರೆ

ಗಾಬರಿಯಾಗಿ ಮತ್ತೆ ಮತ್ತೆ ಒತ್ತಬೇಡಿ. ಮೊದಲು ಇನ್ನೊಂದು ಸೈಟು ತೆರೆದು ನೋಡಿ. ಅದೂ ಬರದಿದ್ದರೆ ತೊಂದರೆ ನಿಮ್ಮ ಕಡೆ. ಕ್ರೋಮ್‌ನಲ್ಲಿ ಸಣ್ಣ ಡೈನೋಸಾರ್ ಚಿತ್ರ ಬಂದರೂ ಅದೇ ಅರ್ಥ. ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ಡೇಟಾ ಮುಗಿದಿದೆಯಾ ನೋಡಿ, ವೈಫೈ ಬಿಟ್ಟು ಸಿಮ್ ಡೇಟಾದಲ್ಲಿ ಪ್ರಯತ್ನಿಸಿ.

ಬೇರೆ ಸೈಟು ಬಂದು ಇದೊಂದೇ ಬರದಿದ್ದರೆ ಪರದೆಯ ಮೇಲಿನ ಸಂದೇಶ ಓದಿ. ಅದರಲ್ಲಿ ‘ಎನ್‌ಎಕ್ಸ್‌ಡೊಮೇನ್’ ಅಂತಿದ್ದರೆ ಆ ಹೆಸರಿಗೆ ನಂಬರೇ ಸಿಗಲಿಲ್ಲ, ಹೆಚ್ಚಾಗಿ ಕಾಗುಣಿತದ ತಪ್ಪು, ಒಂದಕ್ಷರ ಬಿಟ್ಟಿರುತ್ತೀರಿ. 404 ಅಂತ ಬಂದರೆ ಸರ್ವರ್ ಸಿಕ್ಕಿದೆ, ಮಾತಾಡಿದೆ, ನೀವು ಕೇಳಿದ ಪುಟ ಮಾತ್ರ ಅಲ್ಲಿಲ್ಲ. ವಿಳಾಸದಲ್ಲಿ ಓರೆಗೆರೆಯ ನಂತರದ್ದನ್ನೆಲ್ಲ ಅಳಿಸಿ ಮುಖಪುಟದಿಂದ ಹುಡುಕಿಕೊಂಡು ಹೋಗಿ. 500, 502, 503 ಈ ತರಹದ ಸಂಖ್ಯೆ ಬಂದರೆ ತೊಂದರೆ ಆ ಕಡೆಯದು, ನೀವು ಫೋನ್ ಬದಲಾಯಿಸಿದರೂ ಪ್ರಯೋಜನವಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡುವುದೊಂದೇ ದಾರಿ. ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಅಂತ ದೊಡ್ಡದಾಗಿ ಬಂದರೆ ಮೊದಲು ಫೋನಿನ ದಿನಾಂಕ, ಸಮಯ ಸರಿಯಿದೆಯಾ ನೋಡಿ. ಅದು ತಪ್ಪಿದ್ದರೂ ಹೀಗಾಗುತ್ತದೆ. ಸರಿಯಿದ್ದೂ ಬಂದರೆ ಹಿಂದಕ್ಕೆ ಬನ್ನಿ, ಪಾಸ್‌ವರ್ಡ್, ಒಟಿಪಿ ಏನೂ ಹಾಕಬೇಡಿ.

ಬದಲಾಗಿರುವ ಸೈಟು ನಿಮಗೆ ಹಳೆಯದಾಗಿಯೇ ಕಾಣುತ್ತಿದ್ದರೆ ಕಾರಣ ಕ್ಯಾಶೆ. ಪ್ರತಿ ಸಲ ಡೇಟಾ ಖರ್ಚಾಗದಿರಲಿ ಅಂತ ಬ್ರೌಸರ್ ಪುಟದ ಭಾಗಗಳನ್ನು ಫೋನಿನಲ್ಲೇ ಇಟ್ಟುಕೊಂಡಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬ್ರೌಸಿಂಗ್ ಡೇಟಾ ಅಳಿಸುವ ಕಡೆ ಹೋಗಿ ಬರೀ ಕ್ಯಾಶೆ ಆರಿಸಿ ಅಳಿಸಿ. ಅಲ್ಲೇ ಇರುವ ಕುಕೀ ಬೇರೆ. ಅದು ‘ಇವರು ಲಾಗಿನ್ ಆಗಿದ್ದಾರೆ’ ಅಂತ ಸೈಟು ನಿಮ್ಮ ಬ್ರೌಸರಿನಲ್ಲಿ ಇಟ್ಟಿರುವ ಚೀಟಿ. ಕುಕೀ ಅಳಿಸಿದರೆ ಎಲ್ಲ ಕಡೆ ಮತ್ತೆ ಪಾಸ್‌ವರ್ಡ್ ಹಾಕಬೇಕಾಗುತ್ತದೆ. ಪಾಸ್‌ವರ್ಡ್ ನೆನಪಿಲ್ಲದವರು ಯೋಚಿಸಿ ಅಳಿಸಿ.

ಸೈಬರ್ ಸೆಂಟರಿನಲ್ಲಿ ಅಥವಾ ಬೇರೆಯವರ ಕಂಪ್ಯೂಟರಿನಲ್ಲಿ ಕೆಲಸ ಮಾಡುವಾಗ ಇನ್‌ಕಾಗ್ನಿಟೊ ಕಿಟಕಿ ತೆರೆದುಕೊಳ್ಳಿ. ಕೆಲಸ ಮುಗಿದು ಇನ್‌ಕಾಗ್ನಿಟೊ ಕಿಟಕಿಗಳನ್ನೆಲ್ಲ ಮುಚ್ಚಿದರೆ ಆ ಚೀಟಿಗಳೂ, ನೋಡಿದ ಪುಟಗಳ ಪಟ್ಟಿಯೂ ಹೋಗುತ್ತವೆ. ಡೌನ್‌ಲೋಡ್ ಮಾಡಿದ ಫೈಲು ಮಾತ್ರ ಅಲ್ಲೇ ಉಳಿಯುತ್ತದೆ, ಅದನ್ನು ನೀವೇ ಅಳಿಸಬೇಕು. ನೀವು ಯಾವ ಸೈಟಿಗೆ ಹೋದಿರಿ ಅಂತ ನೆಟ್ ಕೊಡುವ ಕಂಪನಿಗೆ ಗೊತ್ತಾಗುವುದನ್ನೂ ಇದು ತಪ್ಪಿಸುವುದಿಲ್ಲ.

ಇನ್ನು ಫೋನಿನಲ್ಲಿ ಹಗಲು ರಾತ್ರಿ ‘ನಿಮ್ಮ ಫೋನಿಗೆ ವೈರಸ್ ಬಂದಿದೆ’, ‘ಬಹುಮಾನ ಗೆದ್ದಿದ್ದೀರಿ’ ಅಂತ ಬರುತ್ತಿದ್ದರೆ, ಹೆಚ್ಚಾಗಿ ಅದು ಎಂದೋ ಯಾವುದೋ ಸೈಟು ‘ನೋಟಿಫಿಕೇಶನ್ ಕಳಿಸಲಾ’ ಅಂತ ಕೇಳಿದಾಗ ‘ಅನುಮತಿಸಿ’ ಒತ್ತಿದ್ದರ ಫಲ. ಕ್ರೋಮ್‌ನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್‌ಗೆ ಹೋಗಿ. ಯಾರ್ಯಾರಿಗೆ ಅನುಮತಿ ಕೊಟ್ಟಿದ್ದೀರಿ ಅಂತ ಪಟ್ಟಿ ಇರುತ್ತದೆ. ಗೊತ್ತಿಲ್ಲದ ಹೆಸರುಗಳನ್ನೆಲ್ಲ ಒಂದೊಂದಾಗಿ ಬ್ಲಾಕ್ ಮಾಡಿ. ಪಕ್ಕದಲ್ಲೇ ಲೊಕೇಶನ್, ಕ್ಯಾಮೆರಾ, ಮೈಕ್ ಅಂತಲೂ ಪಟ್ಟಿಗಳಿವೆ, ಅವನ್ನೂ ಅದೇ ಕೈಯಲ್ಲಿ ನೋಡಿಬಿಡಿ.